ಮನೆ ನೋಡಲು ಬಂದ ಜೇನು

ಮೊದಲ ದಿನ ಬಂದದ್ದು ಒಂದೇ ಒಂದು.

ಹೊರಮೆಟ್ಟಿಲ ಪಕ್ಕದ ಗೋಡೆಯಲ್ಲಿ, ಬಚ್ಚಲ ಕೊಳವೆ ಒಳಗೆ ಹೋಗುವ ಜಾಗದಲ್ಲಿ ಅದು ಕೂತಿತ್ತು. ಒಗೆದ ಬಟ್ಟೆಯ ಬಕೆಟ್ಟನ್ನು ಸೊಂಟಕ್ಕೆ ಆನಿಸಿಕೊಂಡು ಹತ್ತುತ್ತಿದ್ದ ಟೈಲರಮ್ಮ ನಿಂತಲ್ಲೇ ನಿಂತಳು. ಜೇನುಹುಳ ಕೊಳವೆಯ ಸುತ್ತ ಒಂದು ಸುತ್ತು ನಡೆಯಿತು. ಸಂದಿನೊಳಗೆ ಹೋಯಿತು, ಹೊರಗೆ ಬಂತು, ಒಂದು ಮಾರು ಹಿಂದಕ್ಕೆ ಹಾರಿ ಗೋಡೆಯನ್ನು ಎದುರಿನಿಂದ ನೋಡಿತು, ಮತ್ತೆ ಒಳಗೆ ಹೋಯಿತು. ಇಪ್ಪತ್ತು ವರ್ಷದಿಂದ ಕಂಡವರ ಭುಜ, ತೋಳು, ಸೊಂಟ ಅಳೆದ ಕೈ ಅವಳದು. ಅಳತೆ ತೆಗೆಯುವವರನ್ನು ಕಂಡರೆ ಅವಳಿಗೆ ಗೊತ್ತಾಗದೆ ಇರುತ್ತದೆಯೇ?

ಕೈ ತಾನಾಗಿ ಜೇಬಿಗೆ ಹೋಗಿ, ಪೆನ್ನಿನಂಥ ಇಂಜೆಕ್ಷನ್ ಅಲ್ಲೇ ಇದೆಯೇ ಎಂದು ಮುಟ್ಟಿ ನೋಡಿತು. ಹೋದ ವರ್ಷದಿಂದ ಜೇಬು ಹೊಲಿದುಕೊಳ್ಳದ ಸೀರೆಯನ್ನು ಅವಳು ಉಟ್ಟಿರಲಿಲ್ಲ.

ಹೋದ ವರ್ಷ ಇದೇ ಗೋಡೆಯೊಳಗೆ ಜೇನು ಕಟ್ಟಿತ್ತು. ಯಾವ ಕಾಲದಲ್ಲೋ ಒಲೆಗೆಂದು ಬಿಟ್ಟ ಹೊಗೆಗೂಡು, ಈಗ ಬಳಕೆಯಿಲ್ಲದೆ ಗೋಡೆಯ ಹೊಟ್ಟೆಯಲ್ಲಿ ಟೊಳ್ಳಾಗಿ ನಿಂತಿತ್ತು. ಅದರಲ್ಲಿ ಜೇನಿದೆ ಎಂದು ಮನೆಯವರಿಗೆ ತಿಳಿದದ್ದೇ ಮಗಳು ಗುಬ್ಬಿಯ ಕತ್ತಿಗೆ ಒಂದು ಕುಟುಕಿದ ದಿನ. ಎಲ್ಲ ಮಕ್ಕಳಿಗೂ ಕುಟುಕುತ್ತದೆ, ಅಳುತ್ತವೆ, ಊದುತ್ತದೆ, ಇಳಿಯುತ್ತದೆ. ಗುಬ್ಬಿ ಅಳಲೇ ಇಲ್ಲ. ತುಟಿ ದಪ್ಪಗಾಯಿತು, ಮೈಯೆಲ್ಲ ದದ್ದು ಎದ್ದಿತು, ಉಸಿರು ಸೀಟಿ ಹೊಡೆಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಬದುಕಿದಳು. ಡಾಕ್ಟರು ಟೈಲರಮ್ಮನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ಕಚ್ಚಿದರೆ ಇಷ್ಟು ಹೊತ್ತು ಕೊಡುತ್ತೆ ಅಂತ ಹೇಳೋಕಾಗಲ್ಲಮ್ಮ" ಎಂದು, ಕುಟುಕಿದ ಕೂಡಲೇ ತೊಡೆಗೆ ಚುಚ್ಚಲು ಆ ಇಂಜೆಕ್ಷನ್ ಕೊಟ್ಟಿದ್ದರು.

ಹುಳ ಹೊಡೆಯುವವರನ್ನು ಕರೆಸಿ ಔಷಧಿ ಬಿಡಿಸಿದ್ದಾಯಿತು. ಅದೇ ಸಂಜೆ ಅವಳ ಗಂಡ, ಗಾರೆಕೆಲಸದ ಮೇಸ್ತ್ರಿ, ಹೊಗೆಗೂಡಿನ ತಲೆಯನ್ನು ಚಪ್ಪಡಿ ಇಟ್ಟು ಮುಚ್ಚಿ, ಗೋಡೆಯ ಬಿರುಕಿಗೆಲ್ಲ ಗಾರೆ ಮೆತ್ತಿ, ಕೈ ತೊಳೆದುಕೊಂಡು ಬಂದಿದ್ದ.

"ರೀ, ಜೇನು ಮತ್ತೆ ಬಂದಿದೆ" ಎಂದಳು ರಾತ್ರಿ ಊಟಕ್ಕೆ ಬಡಿಸುವಾಗ.

"ಎಷ್ಟು?"

"ಒಂದು."

"ಒಂದು ಜೇನಿಗೆ ಊರೆಲ್ಲ ಡಂಗುರ ಹೊಡೀತೀಯಲ್ಲೇ. ನಾನು ಮೆತ್ತಿದ ಗಾರೆ ಅದು. ಇರುವೆ ಕೂಡ ನನ್ನ ಅಪ್ಪಣೆ ಕೇಳಿ ಒಳಗೆ ಹೋಗ್ಬೇಕು."

"ಇರುವೆ ಕೇಳಿರಬಹುದು. ಜೇನು ಕೇಳಲಿಲ್ಲ."

ಗುಬ್ಬಿ ಕಿಸಕ್ಕೆಂದು ನಕ್ಕಳು. ಒಂಬತ್ತು ವರ್ಷದ ಹುಡುಗಿ, ಕೂತಲ್ಲಿ ಕೂರದವಳು, ಅದಕ್ಕೇ ಆ ಹೆಸರು. ಅಪ್ಪನ ಮುಖ ನೋಡಿ ನಗುವನ್ನು ಅನ್ನದ ಜೊತೆ ನುಂಗಿಕೊಂಡಳು.

ಮರುದಿನ ಐದು ಬಂದವು. ಮೂರನೆಯ ದಿನ ಇಪ್ಪತ್ತರ ಹತ್ತಿರ ಅವಳಿಗೆ ಎಣಿಕೆ ತಪ್ಪಿತು. ಇದು ಸರಿಯಲ್ಲ, ಬೆಳಿಗ್ಗೆ ಎದ್ದವಳೇ ಮಗಳನ್ನು ತಂಗಿಯ ಮನೆಗೆ ಬಿಟ್ಟು ಬರುತ್ತೇನೆ ಎಂದುಕೊಂಡಳು. ಬೆಳಿಗ್ಗೆ ಹಾಲು ಉಕ್ಕಿತು, ಗುಬ್ಬಿಯ ಒಂದು ಚಪ್ಪಲಿ ಸಿಗಲಿಲ್ಲ, ಕುಪ್ಪಸಕ್ಕೆ ಬಂದವರೊಬ್ಬರು ಹೊಸ್ತಿಲಲ್ಲೇ ಅರ್ಧ ಗಂಟೆ ಮಾತಾಡಿದರು. ಕೊನೆಗೆ ಚೀಲ ಹೆಗಲಿಗೇರಿಸಿ ಬಾಗಿಲು ತೆಗೆದಾಗ ಬೀದಿಯಲ್ಲಿ ಸದ್ದು ಕೇಳಿತು.

ಹತ್ತು ಹೊಲಿಗೆ ಯಂತ್ರ ಒಟ್ಟಿಗೆ ಓಡಿದರೆ ಅಂಥ ಸದ್ದು ಬರಬಹುದು. ಬೀದಿಯ ಎರಡೂ ಬದಿಯ ಮನೆಗಳ ನಡುವೆ ಆಕಾಶಕ್ಕೆ ಯಾರೋ ಹುರಿದ ಎಳ್ಳು ಎರಚಿದಂತಿತ್ತು, ಆದರೆ ಎಳ್ಳು ಕೆಳಗೆ ಬೀಳುತ್ತಿರಲಿಲ್ಲ. ಸುತ್ತುತ್ತಾ ಸುತ್ತುತ್ತಾ ಎದುರಿನ ದೀಪದ ಕಂಬದ ತೋಳಿನ ಕಡೆಗೆ ಸರಿಯಿತು. ತೋಳಿನ ಮೇಲೆ ಮುಷ್ಟಿಯಷ್ಟು ಕಪ್ಪು ಕಂಡಿತು, ನೋಡುತ್ತಿದ್ದಂತೆ ಚೆಂಬಿನಷ್ಟಾಯಿತು, ಕೊಡದಷ್ಟಾಯಿತು, ಕಾಲು ಗಂಟೆಯಲ್ಲಿ ಉದ್ದನೆಯ ಗಡ್ಡದ ಹಾಗೆ ಕೆಳಗೆ ಇಳಿಬಿದ್ದಿತು. ಟೈಲರಮ್ಮ ಮಗಳನ್ನು ಒಳಗೆ ನೂಕಿ ಬಾಗಿಲು ಹಾಕಿದಳು. ಮೆಟ್ಟಿಲು ಒಂದೇ, ಅದೂ ಆ ಕೊಳವೆಯ ಪಕ್ಕದಲ್ಲೇ ಹಾದು ಇಳಿಯುವಂಥದು. ಅಲ್ಲಿ ಈಗ ಹುಳಗಳು ಸಾಲುಗಟ್ಟಿ ಒಳಹೊರಗೆ ಆಡುತ್ತಿದ್ದವು.

ಗುಬ್ಬಿಯ ಕೋಣೆಯ ಕಿಟಕಿಯನ್ನು ಮುಚ್ಚಿ, ಚೌಕಟ್ಟಿನ ಸಂದುಗಳಿಗೆ ಕತ್ತರಿಸಿ ಉಳಿದ ಬಟ್ಟೆಯ ಪಟ್ಟಿಗಳನ್ನು ಕತ್ತರಿಯ ಮೊನೆಯಿಂದ ಒಂದೊಂದಾಗಿ ತುರುಕಿದಳು. ಆಮೇಲೆ ಗಂಡನಿಗೆ ಫೋನು ಮಾಡಿದಳು, ಅದಾದ ಮೇಲೆ ಜೇನಕ್ಕನಿಗೆ.

ಜೇನಕ್ಕ ಬ್ರೆಡ್ಡಿನ ವ್ಯಾನು ಓಡಿಸುವವಳು. ಬೆಳಗಿನ ಹೊತ್ತು ಅಂಗಡಿಗಳಿಗೆ ಬ್ರೆಡ್ಡು ಹಂಚುವುದು, ಮಿಕ್ಕ ಹೊತ್ತೆಲ್ಲ ಜೇನಿನ ಹಿಂದೆ ಬೀಳುವುದು. ಮೇಸ್ತ್ರಿ ಬಂದು ಮುಟ್ಟುವುದಕ್ಕೂ ಅವಳ ವ್ಯಾನು ನಿಲ್ಲುವುದಕ್ಕೂ ಸರಿಹೋಯಿತು. ಕೊರಳಿಗೆ ದುರ್ಬೀನು ತೂಗಿಹಾಕಿಕೊಂಡು, ಬರಿಗೈಯಲ್ಲಿ, ಹುಳಗಳ ಮಧ್ಯೆಯೇ ಮೆಟ್ಟಿಲು ಹತ್ತಿ ಕೊಳವೆಯ ಸಂದಿಗೆ ಮೂಗು ಇಟ್ಟಳು.

"ಮೇಸ್ತ್ರಿಗಳೇ, ಹೋದ ವರ್ಷ ಒಳಗಿನ ಎರಿ, ಆ ಮೇಣದ ಗೂಡು, ತೆಗೆಸಿದ್ರಾ?"

"ಹುಳ ಎಲ್ಲ ಸತ್ತ ಮೇಲೆ ಎರಿ ಯಾಕೆ ತೆಗೀಬೇಕು? ಮುಚ್ಚಿದೆ."

"ಮುಚ್ಚಿದ್ರಿ! ಒಳಗೆ ಹಾಸಿಗೆ ಹಾಸಿ, ತಟ್ಟೆ ಇಟ್ಟು, ತುಪ್ಪ ಬಡಿಸಿ, ಆಮೇಲೆ ಬಾಗಿಲು ಮುಚ್ಚಿದ್ರಿ. ಹಳೇ ಮೇಣದ ವಾಸನೆ ಇದೆಯಲ್ಲ, ಅದು ಜೇನಿಗೆ ತವರುಮನೆ ವಾಸನೆ. ಇಲ್ಲಿ ನಮ್ಮೋರು ಬಾಳಿದ್ರು ಅಂತ ಗೊತ್ತಾಗುತ್ತೆ. ಎರಡು ಕೊಡ ನೀರು ಹಿಡಿಯೋಷ್ಟು ಜಾಗ, ಒಳಗೆ ಕತ್ತಲೆ, ನೆಲದಿಂದ ಎತ್ತರ, ಬಾಗಿಲು ಹೆಬ್ಬೆರಳು ಹೋಗೋಷ್ಟೇ ಸಣ್ಣದು. ನಾನು ಜೇನಾಗಿದ್ರೆ ನಾನೂ ಇಲ್ಲಿಗೇ ಬರ್ತಿದ್ದೆ."

"ಕೊಳವೆಗೆ ಅಲ್ಲಾಡೋಕೆ ಒಂದು ಬೆರಳು ಸಂದು ಬಿಡಲೇಬೇಕು" ಎಂದ ಮೇಸ್ತ್ರಿ, ಪೆಚ್ಚಾಗಿ. "ಈಗ ಮುಚ್ಚಿದರಾಯ್ತು. ಐದು ನಿಮಿಷದ ಕೆಲಸ."

"ಮುಚ್ಚಿ. ಪಕ್ಕದಲ್ಲೇ ಇನ್ನೊಂದು ಹುಡುಕ್ತಾವೆ. ಸೂರಿನ ಸಂದು, ಬಚ್ಚಲ ಗೂಡು, ಮಗು ಮಲಗೋ ಕೋಣೆ ಛಾವಣಿ. ವಾಸನೆ ಒಳಗಿದೆಯಲ್ಲ ಸ್ವಾಮಿ."

ಟೈಲರಮ್ಮ ನಡುವೆ ಬಾಯಿ ಹಾಕಿದಳು. "ಅಕ್ಕ, ಔಷಧಿ ಹೊಡೆಸಿಬಿಡೋಣ. ಪಾಪ ಬರುತ್ತೋ ಪುಣ್ಯ ಬರುತ್ತೋ ನನಗೆ ಬೇಡ. ನನಗೆ ಅವಳೊಬ್ಬಳೇ."

ಜೇನಕ್ಕ ಬೈಯಲಿಲ್ಲ. ಅವಳ ಕೈ ಹಿಡಿದು ಮೆತ್ತಗೆ ಹೇಳಿದಳು. "ತಾಯಿ, ಕಂಬದ ಮೇಲಿರೋ ಹಿಂಡು ಈಗ ಸಾಧು. ಕಾಯೋಕೆ ಮನೆ ಇಲ್ಲ, ಮರಿ ಇಲ್ಲ, ಹೊಟ್ಟೆ ತುಂಬ ತುಪ್ಪ ಕುಡಿದು ಬಂದಿದಾವೆ. ಔಷಧಿ ಬಿದ್ದರೆ ಸಾಯೋಕೆ ಮುಂಚೆ ಹತ್ತು ಸಾವಿರ ಹುಳ ಹುಚ್ಚೆದ್ದು ಬೀದಿ ತುಂಬ ಚೆಲ್ಲಾಪಿಲ್ಲಿ ಆಗ್ತಾವೆ. ಆಗ ಆ ಕಿಟಕಿಗೆ ನೀನು ತುರುಕಿರೋ ಚಿಂದಿ ಸಾಕಾಗುತ್ತಾ? ಕೈಗೆ ಎಟುಕೋ ಹಾಗಿದ್ರೆ ಪೆಟ್ಟಿಗೆಗೆ ಉದುರಿಸಿಕೊಂಡು ಹೋಗ್ತಿದ್ದೆ. ಪಕ್ಕದಲ್ಲಿ ಕರೆಂಟಿನ ತಂತಿ. ಉಳಿದಿರೋದು ಒಂದೇ ದಾರಿ. ನಿಮ್ಮ ಗೋಡೆ ಅವಕ್ಕೆ ಬೇಡ ಅನ್ನಿಸಬೇಕು, ನನ್ನ ಪೆಟ್ಟಿಗೆ ಬೇಕು ಅನ್ನಿಸಬೇಕು."

ಅವಳ ಪೆಟ್ಟಿಗೆ ಅರ್ಧ ಮೈಲಿ ದೂರದ ಬ್ರೆಡ್ಡಿನ ಗೋದಾಮಿನ ಮಾಳಿಗೆಯ ಮೇಲಿತ್ತು. ಹಳೇ ಎರಿಯ ಒಂದು ತುಂಡು ಒಳಗಿಟ್ಟು, ಬಾಗಿಲಿಗೆ ಎರಡು ತೊಟ್ಟು ನಿಂಬೆಹುಲ್ಲಿನ ಎಣ್ಣೆ ಸವರಿ ಕಾಯುತ್ತಿದ್ದಳು. ಬೆಳಿಗ್ಗೆ ನಾಲ್ಕೈದು ಹುಳ ಅಲ್ಲಿಗೂ ಬಂದು ಒಳಹೊಕ್ಕು ನೋಡಿಕೊಂಡು ಹೋಗಿದ್ದವಂತೆ.

"ಬೇಡ ಅನ್ನಿಸೋದು ಹೇಗೆ?" ಎಂದ ಮೇಸ್ತ್ರಿ.

"ಬೆಳಕು ಬಿಡಿ. ಹೊಗೆಗೂಡಿನ ತಲೆ ಮೇಲೆ ಚಪ್ಪಡಿ ಇಟ್ಟಿದ್ದೀರಲ್ಲ, ಒಡೀರಿ. ಮಲಗಿದಲ್ಲಿಂದ ಆಕಾಶ ಕಾಣೋ ಮನೆ ಯಾರಿಗೆ ಬೇಕು?"

ಮೇಸ್ತ್ರಿಯ ಮುಖ ನೋಡುವ ಹಾಗಿತ್ತು. ಹುಟ್ಟಿದಾಗಿನಿಂದ ಬಿರುಕು ಕಂಡಲ್ಲಿ ಮುಚ್ಚಿದವನು. ಸೋರಿದರೆ ಮುಚ್ಚು, ಇಲಿ ಬಂದರೆ ಮುಚ್ಚು, ಗಾಳಿ ಬಂದರೆ ಮುಚ್ಚು. ಅವನ ಬಳಿ ಬೇರೆ ಮದ್ದೇ ಇರಲಿಲ್ಲ. ಸುತ್ತಿಗೆ, ಚಾಣ ಎತ್ತಿಕೊಂಡು, ತಲೆಗೆ ಟವೆಲ್ಲು ಸುತ್ತಿಕೊಂಡು ಮಾಳಿಗೆ ಹತ್ತಿದ. ತಾನೇ ಮೆತ್ತಿದ ಗಾರೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಅರ್ಧ ಗಂಟೆ ಟಣ್ ಟಣ್ ಎಂದಿತು. ಕೆಳಗಿನಿಂದ ಜೇನಕ್ಕ ಕೂಗಿದಳು. "ಒಳ್ಳೆ ಕೆಲಸ ಮಾಡಿದ್ದೀರಿ ಮೇಸ್ತ್ರಿಗಳೇ! ಸ್ವಲ್ಪ ಕಳಪೆ ಮಾಡಿದ್ರೆ ಇವತ್ತು ಬೇಗ ಮುಗೀತಿತ್ತು!"

ಚಪ್ಪಡಿ ಸೀಳಿ ಸರಿಯಿತು. ಬಿಸಿಲು ಗೋಡೆಯ ಹೊಟ್ಟೆಯೊಳಗೆ ನೆಟ್ಟಗೆ ಇಳಿಯಿತು.

ಆಮೇಲೆ ಕಾಯುವ ಕೆಲಸ. ಮೇಸ್ತ್ರಿಯನ್ನು ಗೋದಾಮಿನ ಮಾಳಿಗೆಗೆ ಅಟ್ಟಿದರು, ಪೆಟ್ಟಿಗೆಗೆ ಎಷ್ಟು ಹುಳ ಬರುತ್ತವೆ ಎಂದು ಎಣಿಸಿ ಫೋನು ಮಾಡಲು. ಗುಬ್ಬಿ ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ಕೂತಳು. ಟೈಲರಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಕೊಳವೆಯ ಕಡೆ ಕಣ್ಣಿಟ್ಟಳು. ಜೇನಕ್ಕ ದುರ್ಬೀನನ್ನು ಅವಳ ಕೈಗೆ ಕೊಟ್ಟಳು. "ಕಂಬದ ಮೇಲಿನದನ್ನೂ ಒಂದು ಸಲ ನೋಡು. ಹೆದರಬೇಡ, ಅವು ನಿನ್ನನ್ನು ನೋಡಲ್ಲ."

ದುರ್ಬೀನಿನಲ್ಲಿ ಕಪ್ಪು ಗಡ್ಡ ಜೀವಗಳಾಗಿ ಒಡೆಯಿತು. ಒಂದರ ಕಾಲು ಹಿಡಿದು ಇನ್ನೊಂದು, ಅದರ ಕಾಲು ಹಿಡಿದು ಮತ್ತೊಂದು, ಹೆಣಿಗೆಯ ಕುಣಿಕೆಗಳ ಹಾಗೆ. ಆ ಹೆಣಿಗೆಯ ಮೇಲೆ ಕೆಲವು ಹುಳ ಕುಣಿಯುತ್ತಿದ್ದವು. ಒಂದು ಇದ್ದಲ್ಲೇ ಗಿರಗಿರ ಸುತ್ತುತ್ತಿತ್ತು. ಇನ್ನೊಂದು ಸೊಂಟ ಅಲ್ಲಾಡಿಸುತ್ತಾ ಓರೆಯಾಗಿ ಮೇಲಕ್ಕೆ ಓಡಿ, ಬಳಸಿ ಬಂದು, ಮತ್ತೆ ಅದೇ ಗೆರೆಯಲ್ಲಿ ಓಡುತ್ತಿತ್ತು.

"ಸುತ್ತೋದು ನಿಮ್ಮ ಗೋಡೆ ಕಡೆಯವಳು" ಎಂದಳು ಜೇನಕ್ಕ. "ಮನೆ ಇಲ್ಲೇ ಪಕ್ಕದಲ್ಲಿದೆ ಅಂತಿದಾಳೆ. ಓಡೋಳು ದೂರದ್ದನ್ನ ಹೇಳ್ತಿದಾಳೆ. ನನ್ನ ಪೆಟ್ಟಿಗೆ ದಿಕ್ಕು ಅದೇ. ಮನೆ ಎಷ್ಟು ಹಿಡಿಸಿತೋ ಅಷ್ಟು ಸಲ ಕುಣೀತಾರೆ. ಕಂಡವರು ತಾವೂ ಹೋಗಿ ನೋಡಿಕೊಂಡು ಬರ್ತಾರೆ. ಇನ್ನೊಬ್ಬರ ಮಾತು ಕೇಳಿ ಯಾರೂ ಸುಮ್ಮನೆ ಕುಣಿಯೋದಿಲ್ಲ."

"ರಾಣಿ ಹೇಳಿಬಿಟ್ಟರೆ ಆಯ್ತಲ್ಲ?"

"ರಾಣಿಗೇನು ಗೊತ್ತು ಪಾಪ! ಎಲ್ಲರೂ ಹೊರಟ ಕಡೆ ಹೊರಡ್ತಾಳೆ. ತೀರ್ಮಾನ ಮಾಡೋದು ಮುದುಕಿಯರು. ಹೂವಿಂದ ಹೂವಿಗೆ ಅಲೆದು ರೆಕ್ಕೆ ಹರಕೊಂಡ ಮುದುಕಿಯರು."

ಟೈಲರಮ್ಮ ದುರ್ಬೀನು ಇಳಿಸಲಿಲ್ಲ. ಅವಳ ಮಗಳ ಉಸಿರನ್ನು ಕೈಯಲ್ಲಿ ಹಿಡಿದುಕೊಂಡವರು ಅವರು, ಅಕ್ಕಿಕಾಳಿಗಿಂತ ತುಸು ದಪ್ಪದ ಮುದುಕಿಯರು. ಜಗಳವಿಲ್ಲ, ಕೂಗಾಟವಿಲ್ಲ. ಕಂಡದ್ದನ್ನು ಬಂದು ಹೇಳುತ್ತಾರೆ, ಮತ್ತೆ ಹೋಗಿ ನೋಡುತ್ತಾರೆ. ಗೋಡೆಗೆ ಹೋದ ಒಬ್ಬಳು ಹಿಂದಿರುಗಿ ನಾಲ್ಕೇ ಸುತ್ತು ಸುತ್ತಿ ನಿಂತುಬಿಟ್ಟಳು. ಒಳಗೆ ಬಿಸಿಲು ಕಂಡಿರಬೇಕು. ಇನ್ನೊಬ್ಬಳು ಬಂದು ಎರಡೇ ಸುತ್ತಿಗೆ ಸುಮ್ಮನಾದಳು. ಟೈಲರಮ್ಮ ಮನಸ್ಸಿನಲ್ಲೇ ಅಂದಳು: ಹೇಳಮ್ಮ, ಚೆನ್ನಾಗಿಲ್ಲ ಅಂತ ಹೇಳು.

ಫೋನು ಬಂತು. "ಹನ್ನೆರಡು" ಎಂದ ಮೇಸ್ತ್ರಿ. ಅರ್ಧ ಗಂಟೆಗೆ "ನಲವತ್ತು." ಆಮೇಲೆ "ಎಣಿಸೋಕಾಗ್ತಿಲ್ಲ ಕಣೇ, ಒಂದನ್ನೇ ಎರಡು ಸಲ ಎಣಿಸ್ತಿದೀನೋ ಏನೋ. ನಿನ್ನ ಕಡೆ?"

"ಏಳು. ಈಗ ಆರು."

ಎರಡೂವರೆಗೆ ಕಂಬದ ಮೇಲಿನ ಗಡ್ಡ ಕರಗತೊಡಗಿತು. ಒಂದು ನಿಮಿಷದಲ್ಲಿ ತೋಳು ಬರಿದಾಗಿ ಬೀದಿಯೆಲ್ಲ ಹುಳವಾಯಿತು. "ಹೊರಟವು!" ಎಂದು ಜೇನಕ್ಕ ಕುಣಿದಳು. ಮೋಡ ಗೋದಾಮಿನ ದಿಕ್ಕಿಗೆ ಹತ್ತು ಮಾರು ಸರಿಯಿತು. ಅಲ್ಲಿ ತಡವರಿಸಿತು. ಸುತ್ತಿತು, ಹಿಂದೆ ಬಂತು, ಕೆಳಗಿಳಿಯಿತು. ಜೇನಕ್ಕನ ಕೈ ಗಾಳಿಯಲ್ಲೇ ನಿಂತಿತು. "ಅಯ್ಯೋ, ರಾಣಿ ಸುಸ್ತಾಗಿ ಎಲ್ಲೋ ಕೂತಳು."

ಅವಳು ಕೂತದ್ದು ಗುಬ್ಬಿಯ ಕಿಟಕಿಯ ಮೇಲೆ.

ಟೈಲರಮ್ಮ ನೋಡನೋಡುತ್ತಿದ್ದಂತೆ ಗಾಜಿನ ಮೇಲೆ ಕಂದು ಚುಕ್ಕೆ ಬಿತ್ತು, ಚುಕ್ಕೆ ಹರಡಿತು, ಮಗಳ ಹಣೆ ಮರೆಯಾಯಿತು, ಕಣ್ಣು, ಬಾಯಿ, ಗಾಜಿಗೆ ಆನಿಸಿದ್ದ ಅಂಗೈ ಎಲ್ಲವೂ ಮರೆಯಾದವು. ಕಿಟಕಿ ಇದ್ದಲ್ಲಿ ಉಸಿರಾಡುವ ಕಂಬಳಿಯೊಂದು ನೇತಾಡುತ್ತಿತ್ತು. ಅವಳು ಮೆಟ್ಟಿಲು ಹತ್ತಿದ್ದು ಅವಳಿಗೇ ನೆನಪಿಲ್ಲ. ಹುಳಗಳು ಕೆನ್ನೆಗೆ, ರೆಪ್ಪೆಗೆ, ತುರುಬಿಗೆ ತಾಗಿದವು, ಯಾವುದೂ ಕುಟುಕಲಿಲ್ಲ. ಬಾಗಿಲ ಮುಂದೆ ನಿಂತು ಸೆರಗು, ತೋಳು, ಕೂದಲು ಎಲ್ಲ ಕೊಡವಿ, ಎರಡು ಸಲ ಮೈ ನೋಡಿಕೊಂಡು, ಸಣ್ಣ ಸಂದು ಮಾಡಿ ಒಳನುಸುಳಿದಳು.

ಕೋಣೆಯಲ್ಲಿ ಬೆಲ್ಲದ ಬಣ್ಣದ ಕತ್ತಲೆ. ಚಿಂದಿ ಪಟ್ಟಿಗಳು ಇದ್ದಲ್ಲೇ ಇದ್ದವು. ಗುಬ್ಬಿ ಅಲುಗಾಡದೆ ಕೂತಿದ್ದಳು. ಅವಳು ಹೀಗೆ ಕೂತದ್ದನ್ನು ತಾಯಿ ಎಂದೂ ಕಂಡಿರಲಿಲ್ಲ.

"ಹೆದರಿಕೆ ಆಯ್ತಾ ಬಂಗಾರ? ಈ ಕಡೆ ಬಾ."

"ಶ್! ಅಮ್ಮ, ಇವಕ್ಕೆ ಕಾಲಲ್ಲಿ ಬಾಚಣಿಗೆ ಇದೆ."

ತಾಯಿ ಮಗಳನ್ನು ಹಿಂದಿನಿಂದ ತಬ್ಬಿ, ಇಂಜೆಕ್ಷನ್ ಒಂದು ಕೈಯಲ್ಲಿ ಹಿಡಿದು, ನೋಡಿದಳು. ಇಷ್ಟು ಹತ್ತಿರದಿಂದ ಜೇನನ್ನು ನೋಡಿದವರು ಯಾರು! ಸಾವಿರ ಸಾವಿರ ಹೊಟ್ಟೆಗಳು, ನವಿರು ರೋಮ, ಗಾಜನ್ನು ಹಿಡಿದ ಕಾಲಿನ ಪುಟ್ಟ ಕೊಕ್ಕೆಗಳು. ಒಂದು ಇನ್ನೊಂದಕ್ಕೆ ನಾಲಗೆಯಲ್ಲಿ ತುಪ್ಪ ಕುಡಿಸುತ್ತಿತ್ತು. ಅವುಗಳ ನಡುವೆ ಉದ್ದನೆಯ ಮೈಯವಳೊಬ್ಬಳು ಮೆಲ್ಲಗೆ ನಡೆದುಹೋದಳು, ಸುತ್ತಲಿನವರೆಲ್ಲ ಅವಳ ಕಡೆ ಮುಖ ಮಾಡಿ ದಾರಿ ಬಿಟ್ಟರು. ಗಾಜು ಸಣ್ಣಗೆ ಗುಂಯ್‌ಗುಡುತ್ತಿತ್ತು. ಬೆರಳಿಟ್ಟರೆ ಹಲ್ಲಿನವರೆಗೂ ಬರುತ್ತಿತ್ತು ಆ ನಡುಕ. ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ, ಎದೆಯಲ್ಲೇ ಕೂತಿತ್ತು. ಅದರ ಪಕ್ಕದಲ್ಲಿ ಇನ್ನೇನೋ ಬಂದು ಕೂತಿತ್ತು, ಅದಕ್ಕೆ ಅವಳ ಬಳಿ ಹೆಸರಿರಲಿಲ್ಲ.

ಎಷ್ಟು ಹೊತ್ತೋ. ಫೋನು ಮೊಳಗಿತು, ಕೆಳಗಿನಿಂದ ಜೇನಕ್ಕ. "ಮಗು ಹೇಗಿದೆ?"

"ಚೆನ್ನಾಗಿದಾಳೆ. ಅಕ್ಕ, ಇವು ಗೋಡೆಗೆ ಹೋಗ್ತಾವಾ?"

"ಗೊತ್ತಿಲ್ಲ ತಾಯಿ. ಇಷ್ಟು ಹತ್ತಿರ ಬಂದಮೇಲೆ ನಾನು ಏನೂ ಹೇಳಲ್ಲ."

"ಅಮ್ಮ" ಎಂದಳು ಗುಬ್ಬಿ, ಅಂಗೈ ಗಾಜಿಗೆ ಇಟ್ಟೇ. "ಇದು ಬಿಸಿ ಆಗ್ತಿದೆ."

ತಾಯಿಯೂ ಕೈಯಿಟ್ಟಳು. ನಿಜ. ಬಿಸಿಲಿಲ್ಲದ ಬದಿಯ ಗಾಜು, ಜ್ವರ ಬಂದ ಮಗುವಿನ ಹಣೆಯ ಹಾಗೆ ಕಾಯುತ್ತಿತ್ತು. ಗುಂಯ್‌ಗುಟ್ಟುವುದು ಏರಿ ಕೀರಲು ಪೀಪಿಯಾಗಿತ್ತು.

ಫೋನಿನಲ್ಲಿ ಅದನ್ನು ಕೇಳಿ ಜೇನಕ್ಕನ ದನಿ ಏರಿತು. "ರೆಕ್ಕೆ ಕಾಯಿಸಿಕೊಳ್ತಿದಾವೆ. ಹಾರೋ ಮುಂಚೆ ಎಲ್ಲವೂ ಒಟ್ಟಿಗೆ ಮೈ ಕಾಯಿಸ್ಕೊಳ್ತಾವೆ. ಗುಬ್ಬಿಗೆ ಹೇಳು, ನನಗಿಂತ ಮುಂಚೆ ಅವಳಿಗೇ ಗೊತ್ತಾಯ್ತು ಅಂತ."

ಹೇಳಲು ಹೊತ್ತಿರಲಿಲ್ಲ. ಹುಳಗಳು ಒಂದರ ಮೇಲೊಂದು ಓಡಾಡಿದವು, ಕೈ ಬಿಟ್ಟವು, ಹೆಣಿಗೆ ಬಿಚ್ಚಿಕೊಂಡಿತು. ಪರದೆ ಸರಿದಂತೆ ಬೆಳಕು ಒಳಗೆ ಬಂತು. ಮೋಡ ಕಿಟಕಿಯ ಮುಂದೆ ಒಂದು ಸಲ ತಿರುಗಿತು, ಗೋಡೆಯ ಕಡೆಗೆ ಬಾಗಿತು. ಆಮೇಲೆ ಮೋಡದೊಳಗಿಂದ ಕೆಲವು ಹುಳಗಳು ಬಾಣದ ಹಾಗೆ ಗೆರೆ ಎಳೆಯುತ್ತಾ ಮುಂದೆ ನುಗ್ಗಿದವು, ಇತ್ತ ಬನ್ನಿ ಇತ್ತ ಬನ್ನಿ ಎಂದು. ಇಡೀ ಹಿಂಡು ಸೂರು ದಾಟಿ ಗೋದಾಮಿನ ಕಡೆ ಹೊರಟಿತು.

ಐದು ನಿಮಿಷಕ್ಕೆ ಮೇಸ್ತ್ರಿಯ ಫೋನು. ಕಟ್ಟಡದ ಮೇಲಿನಿಂದ ಕೆಳಗಿನವರಿಗೆ ಕೂಗಿ ಕೂಗಿ ಒಡೆದ ಗಂಟಲು ಅವನದು. ಆ ಗಂಟಲಲ್ಲಿ ಪಿಸುಮಾತು ಬಂತು. "ಬಂದ್ವು ಕಣೇ. ನನ್ನ ಮೈ ಮೇಲೆಲ್ಲ ಹಾದು ಹೋಗ್ತಿದಾವೆ. ಬಾಗಿಲಲ್ಲಿ ಸಾಲಾಗಿ ನಿಂತು, ಬಾಲ ಎತ್ತಿ ಗಾಳಿ ಬೀಸ್ತಾ ಉಳಿದವರನ್ನ ಕರೀತಿದಾವೆ. ನೀನು ನೋಡ್ಬೇಕಿತ್ತು." ಆಮೇಲೂ ಹಾಗೇ ಫೋನು ಹಿಡಿದುಕೊಂಡಿದ್ದ. ಅವಳೂ ಹಿಡಿದುಕೊಂಡಿದ್ದಳು.

ಬಾಗಿಲು ಮಾತ್ರ ತೆಗೆಯುವ ಹಾಗಿರಲಿಲ್ಲ. ಮನೆ ನೋಡಲು ಹೋಗಿದ್ದ ಕೆಲವು ಹುಳ ತಡವಾಗಿ ಮರಳಿ, ತಮ್ಮವರನ್ನು ಕಾಣದೆ, ಗಾಜಿನ ಮೇಲೆ ಉಳಿದ ವಾಸನೆಯನ್ನು ಮೂಸುತ್ತಾ ಸುತ್ತುತ್ತಿದ್ದವು. ಜೇನಕ್ಕ ಪೆಟ್ಟಿಗೆಯನ್ನು ಊರಾಚೆಗೆ ಒಯ್ಯುವುದು ನಾಳೆ ರಾತ್ರಿ, ದಾರಿ ತಪ್ಪಿದವರೆಲ್ಲ ಬಂದು ಸೇರಿದ ಮೇಲೆ ಎಂದು ಹೇಳಿ ಹೋದಳು. ನಾಳೆ ಗೋಡೆಯನ್ನೂ ಬಗೆದು ಎರಿಯೆಲ್ಲ ತೆಗೆಯಬೇಕು.

ತಾಯಿ ಮಗಳು ಕಿಟಕಿಯಲ್ಲಿ ಕೂತು ಎಣಿಸಿದರು. ಹನ್ನೊಂದು. ಎಂಟು. ಒಲೆ ಹಚ್ಚಿರಲಿಲ್ಲ, ನಾಳೆ ಕೊಡಬೇಕಾದ ಕುಪ್ಪಸಕ್ಕೆ ತೋಳು ಕೂಡಿಸಿರಲಿಲ್ಲ. ಬಿಸಿಲು ಎದುರು ಮನೆಯ ಗೋಡೆ ಹತ್ತಿತು. ಮೂರು. ಮೇಸ್ತ್ರಿ ಬಂದು ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಗುಬ್ಬಿ ಗಾಜಿನ ಹಿಂದಿನಿಂದ ಕೈ ಅಡ್ಡ ಹಿಡಿದಳು. ಅವನು ತಲೆಯ ಟವೆಲ್ಲು ಬಿಚ್ಚಿ ಹಾಸಿಕೊಂಡು ಬೀದಿಯಲ್ಲೇ ಕೂತ.

ಕೊನೆಗೆ ಒಂದು ಉಳಿಯಿತು. ರೆಕ್ಕೆಯ ಅಂಚು ಹರಿದ ಮುದುಕಿ.

"ತಟ್ಟಿ ಓಡಿಸ್ಲಾ?" ಎಂದಳು ತಾಯಿ.

"ಬೇಡಮ್ಮ. ಅದಕ್ಕೆ ಗೊತ್ತಾಗುತ್ತೆ." ಗುಬ್ಬಿ ಹುಳದ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು, "ಅವಕ್ಕೆ ನಮ್ಮ ಮನೆ ಇಷ್ಟ ಆಗಲಿಲ್ವಾ?"

"ತುಂಬ ಇಷ್ಟ ಆಗಿತ್ತು ಕಂದ. ಅದಕ್ಕೇ ಇಷ್ಟು ಕಷ್ಟ ಆಯ್ತು."

ಹುಳ ಗಾಜಿನ ಉದ್ದಕ್ಕೂ ನಡೆದು ಮೇಲಿನ ಮೂಲೆಗೆ ಹೋಯಿತು, ಕೆಳಗಿಳಿಯಿತು. ನಿಂತು ಎರಡೂ ಮುಂಗಾಲಿನಿಂದ ಮೀಸೆ ಒರೆಸಿಕೊಂಡಿತು. ಗುಬ್ಬಿ ಬಾಯಿಯನ್ನು ಗಾಜಿನ ಹತ್ತಿರ ತಂದು, "ಆ ಕಡೆ ಅಜ್ಜಿ, ಬ್ರೆಡ್ಡಿನ ವಾಸನೆ ಬರೋ ಕಡೆ" ಎಂದಳು. ಗಾಜಿನ ಮೇಲೆ ಅವಳ ಉಸಿರಿನ ಮಂಜು ಕೂತಿತು.

ಮಂಜು ಆರಿದಾಗ ಗಾಜು ಖಾಲಿ ಇತ್ತು. ಟೈಲರಮ್ಮ ಮೂಲೆಮೂಲೆಯನ್ನೂ ನೋಡಿದಳು, ಮತ್ತೊಮ್ಮೆ ನೋಡಿದಳು. ಆಮೇಲೆ ಬಾಗಿಲಿಗೆ ಹೋಗಿ ಗಂಡನಿಗೆ, "ಬನ್ನಿ, ಹೊಟ್ಟೆ ಹಸಿದಿರಬೇಕು" ಎಂದಳು.